‘ಹೂಂ ಸ್ವಾಮಿ’ ಅನ್ನುವ ಮುಂಚೆ: ವಕೀಲರಿಗೆ ಕೊಡಲು ದುಡ್ಡಿಲ್ಲದಾಗ ಆಕ್ಸಿಡೆಂಟ್ ಕೇಸು ಎದುರಿಸುವುದು ಹೇಗೆ?

ಮಳೆಗಾಲ. ತೀರ್ಥಹಳ್ಳಿ ಕಡೆಯ ಒಂದು ತಿರುವಿನಲ್ಲಿ ನಿಮ್ಮ ಬೈಕ್ ಜಾರಿ ಎದುರಿನ ಸ್ಕೂಟರಿಗೆ ತಗುಲುತ್ತದೆ. ಅವರಿಗೆ ಮೊಣಕೈ ತರಚಿದ ಗಾಯ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಸಿ, ರಾಜಿ ಆಯ್ತು ಅಂದುಕೊಂಡಿರುತ್ತೀರಿ. ಕೆಲವು ತಿಂಗಳಾದ ಮೇಲೆ ಮನೆಗೆ ಸಮನ್ಸ್ ಬರುತ್ತದೆ. ಆಮೇಲೆ ಕೋರ್ಟಿನಲ್ಲಿ ಜನ ಒಂದೇ ಜಾಗದಲ್ಲಿ ಎಡವುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದದಲ್ಲಿ ಯಾವ ಸೆಕ್ಷನ್ ಇದೆ ನೋಡಿ. ಹೆಲ್ಮೆಟ್ ಹಾಕದ್ದಕ್ಕೆ ಬರುವ ಚಲನ್ ಬೇರೆ, ಇದು ಬೇರೆ. ಭಾರತೀಯ ನ್ಯಾಯ ಸಂಹಿತೆಯ 281 ಅಂತಿದ್ದರೆ ಅಜಾಗರೂಕ ಚಾಲನೆ: ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಅದೇ ಆರೋಪ ಹಳೆಯ ಕಾನೂನಾದ ಐಪಿಸಿಯ 279. ಯಾರಿಗಾದರೂ ಗಾಯವಾಗಿದ್ದರೆ ಹೊಸ ಸಂಹಿತೆಯ 125(ಎ) ಕೂಡ ಸೇರಿರುತ್ತದೆ. (ವಾಟ್ಸಾಪಿನಲ್ಲಿ ‘ನಿಮ್ಮ ಚಲನ್’ ಅಂತ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ.)

ಆಧಾರ್, ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸ್ ಇಟ್ಟುಕೊಂಡು ಹೇಳಿದ ದಿನ ಹೋಗಿ. ತಪ್ಪಿಸಿಕೊಂಡರೆ ವಾರಂಟ್. ಈ ಸೆಕ್ಷನ್‌ಗಳಲ್ಲಿ ಜಾಮೀನು ನಿಮ್ಮ ಹಕ್ಕು, ಅದಕ್ಕೆ ಹೆದರಬೇಡಿ.

ವಾಯ್ದೆಗೆ (ಕೋರ್ಟಿಗೆ ಹೋಗಬೇಕಾದ ದಿನಕ್ಕೆ) ಒಂದು ವಾರ ಮುಂಚೆಯೇ, ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವೆಯವರ ಹತ್ತಿರ ಹೋಗಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ. ಫೋನ್ ಮಾಡುವುದಾದರೆ 15100. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆಲ್ಲ ಆದಾಯ ಕೇಳುವ ಹಾಗಿಲ್ಲ. ಉಳಿದವರ ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಸಾಕು. ‘ಪುಕ್ಕಟೆ ವಕೀಲ ಏನು ಮಾಡ್ತಾನೆ’ ಅನ್ನುವವರ ಮಾತು ಕೇಳಬೇಡಿ. ಕೋರ್ಟಿನ ಹೊರಗೆ ‘ಐನೂರು ಕೊಡಿ, ಇವತ್ತೇ ಮುಗಿಸಿಕೊಡ್ತೀನಿ’ ಅನ್ನುವವರಿಗಿಂತ ಅವರು ಎಷ್ಟೋ ವಾಸಿ.

ಈಗ ಎಡವುವ ಜಾಗಕ್ಕೆ ಬರೋಣ. ನಿಮ್ಮ ಹೆಸರು ಕೂಗುತ್ತಾರೆ. ಕೈಕಟ್ಟಿ ನಿಲ್ಲುತ್ತೀರಿ. ಮ್ಯಾಜಿಸ್ಟ್ರೇಟರು ಆರೋಪ ಓದಿ ಹೇಳಿ, ‘ತಪ್ಪು ಒಪ್ಪಿಕೊಳ್ತೀರಾ?’ ಅಂತ ಕೇಳುತ್ತಾರೆ. ಮುಂದಿನ ಬಸ್ಸಿನ ಚಿಂತೆ, ತೋಟದ ಕೆಲಸದ ಚಿಂತೆ, ಪಕ್ಕದಲ್ಲಿ ನಿಂತವರ ‘ಒಪ್ಕೊಳಿ, ದಂಡ ಕಟ್ಟಿದ್ರೆ ಆಯ್ತು’ ಅನ್ನುವ ಪಿಸುಮಾತು ಎಲ್ಲ ಸೇರಿ ಬಾಯಿಂದ ‘ಹೂಂ ಸ್ವಾಮಿ’ ಬಂದುಬಿಡುತ್ತದೆ. ಆ ಹೂಂ ಬರೀ ದಂಡವಲ್ಲ, ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ದಾಖಲೆ. ಸರ್ಕಾರಿ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದಾಗ ಅದು ಎದ್ದು ಬರುತ್ತದೆ. ಒಪ್ಪಿಕೊಂಡ ಮೇಲೆ ಮೇಲ್ಮನವಿಗೆ ಹೋಗಿ ‘ನಾನು ತಪ್ಪೇ ಮಾಡಿಲ್ಲ’ ಅನ್ನುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿದಂತೆ.

ಅದಕ್ಕೇ ವಕೀಲರು ಇನ್ನೂ ಸಿಕ್ಕಿಲ್ಲದಿದ್ದರೆ ಇಷ್ಟು ಹೇಳಿ: ‘ಸ್ವಾಮಿ, ನನಗೆ ವಕೀಲರನ್ನು ಇಟ್ಟುಕೊಳ್ಳಲು ಶಕ್ತಿ ಇಲ್ಲ. ಕಾನೂನು ಸೇವೆಯಿಂದ ವಕೀಲರನ್ನು ಕೊಡಿಸಿ. ಚಾರ್ಜ್‌ಶೀಟ್ ನಕಲು ಕೊಡಿಸಿ, ಸಮಯ ಕೊಡಿ.’ ಕೈ ನಡುಗಿದರೆ ಚೀಟಿ ನೋಡಿಕೊಂಡೇ ಓದಿ, ಕನ್ನಡದಲ್ಲೇ ಹೇಳಿ. ಚಾರ್ಜ್‌ಶೀಟ್ ಅಂದರೆ ಪೊಲೀಸರು ಕೋರ್ಟಿಗೆ ಕೊಟ್ಟ ಆರೋಪಪಟ್ಟಿ, ಅದರ ನಕಲು ಪುಕ್ಕಟೆ ಸಿಗಬೇಕು. ಅದು ಕೈಗೆ ಬಂದರೆ ಮಹಜರು (ಪೊಲೀಸರು ಸ್ಥಳ ನೋಡಿ ಬರೆದ ವರದಿ), ಸ್ಥಳದ ನಕ್ಷೆ, ಗಾಯದ ಸರ್ಟಿಫಿಕೇಟು, ಸಾಕ್ಷಿಗಳ ಹೇಳಿಕೆ ಓದಿ. ನಾನು ನೋಡಿದ ಒಂದು ಕೇಸಿನ ನಕ್ಷೆಯಲ್ಲಿ ಬೈಕು ಸರಿಯಾದ ಬದಿಯಲ್ಲೇ ಇತ್ತು, ಆದರೆ ಆ ಹುಡುಗ ಆಗಲೇ ಒಪ್ಪಿಕೊಂಡಾಗಿತ್ತು! ನಕಲನ್ನು ವಕೀಲರಿಗೆ ತೋರಿಸಿ, ರಾಜಿಗೆ ಅವಕಾಶ ಇದೆಯಾ ಕೇಳಿ. ಇಷ್ಟೆಲ್ಲ ನೋಡಿದ ಮೇಲೂ ಒಪ್ಪಿಕೊಳ್ಳುವುದೇ ಸರಿ ಅನ್ನಿಸಿದರೆ ಒಪ್ಪಿಕೊಳ್ಳಿ, ಅದು ನಿಮ್ಮ ತೀರ್ಮಾನ. ನಾನಾದರೆ ಮೊದಲ ದಿನ ಮಾತ್ರ ಒಪ್ಪುವುದೇ ಇಲ್ಲ.

ಆಮೇಲಿನದು ಬರೀ ಕಾಯುವ ಕೆಲಸ. ಮುಂದಿನ ವಾಯ್ದೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ನಂಬರ್ (ನಿಮ್ಮ ಕೇಸಿನ ಗುರುತಿನ ಸಂಖ್ಯೆ) ಹಾಕಿದರೆ ಕಾಣುತ್ತದೆ, ಆದರೂ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ ಬರೆದುಕೊಳ್ಳಿ. ಜ್ವರ ಬಂದು ಹೋಗಲಾಗದಿದ್ದರೆ ಸುಮ್ನೆ ಮಲಗಿಬಿಡಬೇಡಿ, ವಕೀಲರ ಮೂಲಕ ಗೈರುಹಾಜರಿಗೆ ಅರ್ಜಿ ಹಾಕಿಸಿ. ಕಾನೂನು ಸೇವೆಯ ವಕೀಲರು ಫೀಸು ಕೇಳಿದರೆ ಕೊಡಬೇಡಿ. ಅವರನ್ನು ಕೊಟ್ಟ ಕಚೇರಿಗೇ ಹೋಗಿ ಹೇಳಿ, ಬೇರೆಯವರನ್ನು ಕೇಳಿ.