52 ವಾರ, 52 ಮಂದಿ: ಗೆಳೆಯರು ಹೇಳಿದ್ದನ್ನಷ್ಟೇ ಕೇಳಿದ ಒಂದು ವರ್ಷ

ಕಳೆದ ಭಾನುವಾರ ರಾತ್ರಿ 52ನೇ ಆಲ್ಬಂ ಮೂರನೇ ಸಲ ಕೇಳಿ ಮುಗಿಸಿದೆ. ವಾರಕ್ಕೊಬ್ಬರು, ಅವರು ಹೇಳಿದ ಒಂದೇ ಆಲ್ಬಂ. ನಾನಾಗಿ ಹುಡುಕಿದ್ದು ಒಂದೂ ಇಲ್ಲ. ಶುರು ಮಾಡಿದ ದಿನ ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಪಾಲುದಾರ, "ಅಲ್ಲಲೇ, ಆ ಕೆಲಸಾ ಆ್ಯಪ್ ತಾನ ಮಾಡ್ತೈತಿ, ನೀ ಯಾಕ ಮಂದೀನ್ನ ಕಾಡ್ತೀ?" ಅಂದಿದ್ದ. ಹಾರ್ಮೋನಿಯಂ ಸಾಥ್ ಕೊಡುವ ಹಿರಿಯರೊಬ್ಬರು, "ಮೂರು ತಿಂಗಳು ದಾಟಿಸಿದ್ರ ನನಗ ಬಂದು ಹೇಳ್ರಿ" ಅಂದಿದ್ದರು. ಹನ್ನೆರಡು ತಿಂಗಳು ದಾಟಿಸಿದ್ದೇನೆ. ಹೋಗಿ ಹೇಳಿಯೂ ಬಂದೆ. ಪಟ್ಟಿ ಕೇಳಿ ಬರೆದುಕೊಂಡರು.

ಇದಕ್ಕೆ ಮೊದಲು ಮೂರು ಸಲ ಸೋತಿದ್ದೆ. ಮೊದಲನೆಯದು ವಾಟ್ಸಾಪ್ ಗುಂಪು. 34 ಜನರನ್ನು ಸೇರಿಸಿ, "ನಿಮಗಿಷ್ಟವಾದ ಸಂಗೀತ ಕಳಿಸಿ" ಎಂದು ಹಾಕಿದೆ. ಎಂಟು ದಿನದಲ್ಲಿ ಇನ್ನೂರಕ್ಕೂ ಮೇಲೆ ಲಿಂಕ್ ಬಂದವು. ಒಂದನ್ನೂ ಪೂರ್ತಿ ಕೇಳಲಿಲ್ಲ. ಎರಡನೇ ಸಲ ದಿನಕ್ಕೊಂದು ಹಾಡು ಎಂದು ಇಟ್ಟುಕೊಂಡೆ. 20, 22 ದಿನ ನಡೆಯಿತು. ಸಂಜೆ ಮನೆಗೆ ಬರುವಷ್ಟರಲ್ಲಿ ಬೆಳಗಿನ ಹಾಡಿನ ಒಂದು ಸಾಲೂ ಬಾಯಲ್ಲಿ ಉಳಿಯುತ್ತಿರಲಿಲ್ಲ.

ಮೂರನೆಯದನ್ನು ಹೇಳಲು ಈಗಲೂ ಸಂಕಟವಾಗುತ್ತದೆ. ಆನ್‌ಲೈನ್ ಫಾರ್ಮ್ ಮಾಡಿ, ಬಂದದ್ದಕ್ಕೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಎಲ್ಲರಿಗೂ ಕಾಣುವಂತೆ ಇಟ್ಟೆ. ಗದಗ ಕಡೆಯ ಗೆಳೆಯನೊಬ್ಬ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರ ವಚನ ಗಾಯನದ ಒಂದು ತುಣುಕು ಕಳಿಸಿದ್ದ. ಹಳೆಯ ಕ್ಯಾಸೆಟ್ಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಬರೀ ಸರಸರ ಸದ್ದು, ನಡುವೆ ಯಾರೋ ಕೆಮ್ಮುತ್ತಾರೆ. ಧ್ವನಿಮುದ್ರಣ ಚೆನ್ನಾಗಿಲ್ಲ ಎಂದು ಬರೆದು ಎರಡು ಅಂಕ ಕೊಟ್ಟೆ. ಅವನು ನಾಲ್ಕು ತಿಂಗಳು ಮಾತಾಡಲಿಲ್ಲ. ಕಾರಣ ಆಮೇಲೆ ಅವನ ತಂಗಿಯಿಂದ ತಿಳಿಯಿತು. ಅವರ ತಂದೆ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟುಕೊಂಡ ಕ್ಯಾಸೆಟ್ ಅದು. ಕೆಮ್ಮು ಅವರದೇ. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಅಂಕ ಕೊಡುವುದನ್ನು ಅಂದೇ ಬಿಟ್ಟೆ. ಮುಂದೆ ಕೈಹಿಡಿದ ವಿಧಾನ ಹುಟ್ಟಿದ್ದು ಈ ಏಟಿನಿಂದ.

ಮೊದಲು ಬದಲಾಯಿಸಿದ್ದು ಪ್ರಶ್ನೆ. "ಒಳ್ಳೇದೇನಾದ್ರೂ ಹೇಳು" ಅಂದರೆ ಜನ ತಮ್ಮ ಅಭಿರುಚಿಗೆ ಇಸ್ತ್ರಿ ಹಾಕಿ ಕೊಡುತ್ತಾರೆ. ನಾನು ಕೇಳಿದ್ದು: "ನೀನು ಐವತ್ತು ಸಲವಾದರೂ ಕೇಳಿರುವ, ಆದರೆ ಯಾರ ಮುಂದೆಯೂ ಹೇಳದ ಆಲ್ಬಂ ಯಾವುದು?" ಇದಕ್ಕೆ ಉತ್ತರ ತಕ್ಷಣ ಬರುವುದಿಲ್ಲ. ಎರಡು ಮೂರು ದಿನ ಬಿಟ್ಟು, ಹೆಚ್ಚಾಗಿ ರಾತ್ರಿ ಹತ್ತರ ಮೇಲೆ ಬರುತ್ತದೆ. ಬಂದ ಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಜವಾದ ಬಾಗಿಲು ತೆರೆಯುವುದು ಅದರಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ವರ್ಷವೂ ಅದರಿಂದಲೇ ಕೆಲಸ ಆಗಬೇಕು.

ಎರಡನೆಯದು ಮೂರು ಕೇಳ್ಮೆಯ ನಿಯಮ. ಸೋಮವಾರ, ಗುರುವಾರ, ಭಾನುವಾರ. ಮಧ್ಯೆ ಹಾರಿಸುವಂತಿಲ್ಲ, ಕಲಾವಿದರ ಬಗ್ಗೆ ಓದುವಂತಿಲ್ಲ, ಮೂರನೆಯದು ಮುಗಿಯುವವರೆಗೆ ಗೆಳೆಯನಿಗೆ ಒಂದು ಮಾತೂ ಬರೆಯುವಂತಿಲ್ಲ. ನನಗೆ ಅನುಕೂಲವಾದದ್ದು ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವ ಚಿಗರಿ ಬಸ್ಸು. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಪ್ರೆಸ್ಸಿಗೆ 20 ಕಿಲೋಮೀಟರ್ ಚಿಲ್ಲರೆ. ಎಲ್ಲ ನಿಲ್ದಾಣಕ್ಕೂ ನಿಲ್ಲುವ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಹಳೆಯ ಎಲ್‌ಪಿ ತಟ್ಟೆಯ ಒಂದೊಂದು ಬದಿ 20, 22 ನಿಮಿಷ, ಎರಡೂ ಸೇರಿ ಸರಿಯಾಗಿ ನನ್ನ ಒಂದು ಪ್ರಯಾಣ. ನವಲೂರು ದಾಟುವಾಗ ಬಿ ಬದಿ ಎಂದೇ ಲೆಕ್ಕ ಇಟ್ಟಿದ್ದೆ. ಬೇಗ ಹೋಗುವ ಬಸ್ಸನ್ನು ಬೇಕೆಂದೇ ಬಿಟ್ಟ ದಿನಗಳುಂಟು.

ಮೂರು ಸಲ ಯಾಕೆ ಎಂಬುದಕ್ಕೆ ಐದನೇ ವಾರವೇ ಸಾಕು. ಅಣ್ಣಿಗೇರಿ ಹತ್ತಿರ ಕಡಲೆ ಬೆಳೆಯುವ ಗೆಳೆಯ ಮಾಲಿ ದೇಶದ ಅಲಿ ಫರ್ಕಾ ತೂರೆ ಅವರ ಆಲ್ಬಂ ಹೇಳಿದ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ 1994ರಲ್ಲಿ ತಂದದ್ದು. ಸೋಮವಾರ ಕೇಳಿದಾಗ ಗಿಟಾರು ಒಂದೇ ಜಾಗದಲ್ಲಿ ಸುತ್ತುತ್ತಿದೆ ಅನ್ನಿಸಿ ಬೇಸರವಾಯಿತು. ಗುರುವಾರವೂ ಅಷ್ಟೇ. ಭಾನುವಾರ ಕಣ್ಣು ಮುಚ್ಚಿ ಕೂತಾಗ ಆ ಸುತ್ತು ಗೀಗೀ ಮೇಳದವರ ಒಂಟಿ ತಂತಿಯ ತುಂತುಣಿಯಂತೆ ಕೇಳತೊಡಗಿತು; ನೆಲ ಒಂದೇ, ಮೇಲಿನ ಮಾತು ಮಾತ್ರ ಸಾಗುತ್ತಿದೆ. ಆಮೇಲೆ ಓದಿದೆ. ನೈಜರ್ ನದಿ ದಂಡೆಯ ನಿಯಾಫುಂಕೆ ಅವರ ಊರು, ಒಂಟಿ ತಂತಿಯ ಸೋರೆಬುರುಡೆಯ ಪಿಟೀಲು ಅವರ ಕೈಯಲ್ಲಿದ್ದ ಹಳೆಯ ವಾದ್ಯಗಳಲ್ಲಿ ಒಂದು, ಕೊನೆಯವರೆಗೂ ತನ್ನನ್ನು ರೈತ ಎಂದೇ ಕರೆದುಕೊಂಡರು, 2004ರಲ್ಲಿ ಊರಿನ ಮೇಯರ್ ಆದರು, 2006ರಲ್ಲಿ ತೀರಿಕೊಂಡರು. ಗೆಳೆಯನಿಗೆ ಫೋನ್ ಮಾಡಿದರೆ, "ಹೊಲದಾಗ ರಾತ್ರಿ ನೀರು ಬಿಡೂಮುಂದ ಇದನ್ನ ಹಚ್ಚತೀನಿ. ಅವನೂ ನಮ್ಮಂಗ ಒಕ್ಕಲುತನದಾವಾ" ಅಂದ. ಇದನ್ನು ಯಾವ ಆ್ಯಪ್ ಹೇಳುತ್ತಿತ್ತು?

ಯಕ್ಷಗಾನ ಇನ್ನೂ ಕಷ್ಟವಾಯಿತು. ನಾನು ಬಯಲುಸೀಮೆಯವನು; ಹೊನ್ನಾವರದ ಗೆಳತಿ ಕಾಳಿಂಗ ನಾವಡರ ಭಾಗವತಿಕೆಯ ಧ್ವನಿಸುರುಳಿ ಹೇಳಿದಾಗ ಆ ತಾರಕ ಸ್ವರ, ಚಂಡೆ ಎರಡೂ ತಲೆಗೇ ಬಡಿದವು. ಮೂರನೇ ಸಲ ಕೇಳುವಾಗ ದನಿಯನ್ನು ಬಿಟ್ಟು ಮದ್ದಲೆಯನ್ನಷ್ಟೇ ಹಿಡಿದು ಹೋದೆ. ಮದ್ದಲೆ ಎಲ್ಲಿ ತಡೆಯುತ್ತದೆ, ಎಲ್ಲಿ ಬಿಟ್ಟುಕೊಡುತ್ತದೆ ಎಂದು ಗೊತ್ತಾದ ಮೇಲೆ ದನಿ ತಾನಾಗಿ ಒಳಗೆ ಬಂತು. ಯಕ್ಷಗಾನದ ಬಡಗುತಿಟ್ಟು ಶೈಲಿಗೆ ಅಷ್ಟು ಹೊಸತನ ತಂದ ಮನುಷ್ಯ 1990ರಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ರಸ್ತೆ ಅಪಘಾತದಲ್ಲಿ ಹೋದರು ಎಂದು ತಿಳಿದು ಆ ರಾತ್ರಿ ಮನಸ್ಸಿಗೆ ತುಂಬ ನೋವಾಯಿತು. ಅವರು ಹೋಗಿ ಮೂವತ್ತು ವರ್ಷ ದಾಟಿದೆ, ನನಗೆ ಸುದ್ದಿ ಮುಟ್ಟಿದ್ದು ಅಂದು.

ಇನ್ನೊಂದು ಸಂಗತಿ ಮುಚ್ಚಿಡಲಾರೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರ ಅವರ ಒಂದು ಧ್ವನಿಮುದ್ರಣವನ್ನೂ ನಾನು ಪೂರ್ತಿಯಾಗಿ ಕೇಳಿರಲಿಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದವನು, ಮನಸೂರು ನಮ್ಮ ಪಕ್ಕದ ಊರು. ಅವರನ್ನು ನನಗೆ ಕೊಟ್ಟದ್ದು ಬೆಂಗಳೂರಿನಲ್ಲಿ ರಾಕ್ ಬ್ಯಾಂಡಿಗೆ ಗಿಟಾರ್ ನುಡಿಸುವ ಹುಡುಗ. ಶಿವಮತ ಭೈರವ ಕೇಳಿ ಎಂದ. ಆ ರಾಗದ ಹೆಸರೇ ನನಗೆ ಹೊಸದು. ಗ್ವಾಲಿಯರ್ ಘರಾಣೆಯ (ಗಾಯನ ಪರಂಪರೆಯ) ನೀಲಕಂಠ ಬುವಾ ಅವರ ಹತ್ತಿರ ಕಲಿತು, ಆಮೇಲೆ ಮಂಜೀಖಾನ್, ಭೂರ್ಜೀಖಾನರ ಹತ್ತಿರ ಜೈಪುರ–ಅತ್ರೌಲಿ ಘರಾಣೆಯ ಅಪರೂಪದ ರಾಗಗಳ ಗಂಟು ಪಡೆದವರು ಎಂಬುದನ್ನು ಊರಲ್ಲಿ ಎಲ್ಲರೂ ಹೇಳುತ್ತಾರೆ. ಆ ಗಂಟು ಬಿಚ್ಚಿದ್ದು ಮಾತ್ರ ನನ್ನ ಕಿವಿಗೆ ಆವತ್ತೇ ಬಿತ್ತು. ಒಂದು ತಾನ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹಿಡಿಯಲು ಆಗುವುದೇ ಇಲ್ಲ. ಆ ವಾರ ಮೂರು ಸಲ ಸಾಲದೆ ಏಳು ಸಲ ಕೇಳಿದೆ. ಸವಾಲಿನ ನಿಯಮ ಮುರಿದದ್ದು ಅದೊಂದೇ ವಾರ.

ಸೆಟ್ಟಿಂಗ್ ಬಗ್ಗೆ ಒಂದೆರಡು ಮಾತು. ಆಟೊಪ್ಲೇ ಆರಿಸಿಬಿಡಿ; ಇಲ್ಲದಿದ್ದರೆ ಕೊನೆಯ ಸ್ವರ ಆರುವ ಮುಂಚೆ ಆ್ಯಪ್ ತನ್ನದೇನನ್ನೋ ತುರುಕುತ್ತದೆ. ಒಂದರ ಕೊನೆಗೆ ಇನ್ನೊಂದರ ಆರಂಭ ಬೆರೆಸುವ ಕ್ರಾಸ್‌ಫೇಡ್ ಬೇಡ. ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಷನ್ ಕೂಡ ತೆಗೆಯಿರಿ, ಮೆಲ್ಲಗೆ ಹಾಡಿದ್ದು ಮೆಲ್ಲಗೇ ಇರಲಿ. ಇಂಟರ್‌ನೆಟ್ಟಿಗೆ ಯಾರೋ ಏರಿಸಿದ ಹಳೆಯ ಹಿಂದೂಸ್ತಾನಿ ಮುದ್ರಿಕೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ವೇಗ ತಪ್ಪಿ ಶ್ರುತಿ ಅರ್ಧ ಸ್ವರ ಏರಿರುವುದು ನನಗೇ ಮೂರ್ನಾಲ್ಕು ಸಿಕ್ಕಿವೆ. ಒಬ್ಬರದೇ ಎರಡು ಮುದ್ರಿಕೆ ಹಾಕಿ, ತಂಬೂರಿ ಆ್ಯಪ್ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಬಸ್ಸು ಕೈಕೊಟ್ಟ ವಾರವೂ ಇದೆ. ಡಬ್ಲಿನ್ನಿನಲ್ಲಿ ನರ್ಸ್ ಆಗಿರುವ ನನ್ನ ಅತ್ತೆಯ ಮಗಳು ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅವರ ಸಂಗೀತ ಹೇಳಿದಳು, ನೈಟ್ ಡ್ಯೂಟಿ ಮುಗಿಸಿ ಅವಳು ಕೇಳುವುದಂತೆ. ಪಿಯಾನೊ ಮೂರು ಮೂರೇ ಸ್ವರಗಳನ್ನು ಗಂಟೆಯಂತೆ ಬಿಡಿಸುತ್ತದೆ, ಪಿಟೀಲು ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುತ್ತದೆ. ಬಸ್ಸಿನಲ್ಲಿ ಎಂಜಿನ್ ಬಿಟ್ಟು ಏನೂ ಕೇಳಲಿಲ್ಲ. ಅದಕ್ಕೆಂದೇ ಸದ್ದು ತಡೆಯುವ ಹೆಡ್‌ಫೋನ್ ತಂದೆ, ಸುಮಾರು 9,000 ರೂಪಾಯಿ. ಆರು ತಿಂಗಳಿಗೆ ಅದರ ಕೀಲು ಮುರಿಯಿತು, ವಾರಂಟಿಯವರು ಕೈಚೆಲ್ಲಿದರು. ಆ ದುಡ್ಡು ನೀರಿಗೆ. ಪ್ಯಾರ್ಟ್ ಅವರನ್ನು ಕೊನೆಗೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಂಗಳದಲ್ಲಿ ಕೂತು, 1,800 ರೂಪಾಯಿಯ ವೈರಿನ ಇಯರ್‌ಫೋನಿನಲ್ಲೇ ಕೇಳಿದೆ. ಅಷ್ಟು ಸ್ಪಷ್ಟವಾಗಿ ಮೌನ ಕೇಳಿಸಿದ್ದು ನನಗೆ ಅದೇ ಮೊದಲು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹೆಡ್‌ಫೋನು, ಇಯರ್‌ಫೋನು 10,800. ಎರಡು ಆ್ಯಪ್‌ಗಳ ಚಂದಾ ಎರಡೂವರೆ ಸಾವಿರದ ಸುತ್ತ. ಹಳೆಯ ಕ್ಯಾಸೆಟ್ ಡೆಕ್ 4,200. ಅದನ್ನು ರಿಪೇರಿಗೆ ಕೊಟ್ಟಾಗ ಹೆಡ್ (ಟೇಪು ಓದುವ ಭಾಗ) ಹೋಗಿದೆ, 2,000 ಆಗುತ್ತದೆ ಎಂದರು. ವಾಪಸ್ ತಂದು ನಾನೇ ಬಿಚ್ಚಿದೆ. ಹೋಗಿದ್ದು ಬೆಲ್ಟು, ಕರಗಿ ಡಾಂಬರಿನಂತೆ ಗಾಲಿಗೆ ಮೆತ್ತಿಕೊಂಡಿತ್ತು. 150 ರೂಪಾಯಿಯ ಬೆಲ್ಟು, ಒರೆಸಲು ಅರ್ಧ ಬಾಟಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಸಂಜೆ. ಹೆಡ್ಡಿನ ಓರೆ ಸರಿಪಡಿಸುವ ಅಝಿಮತ್ ಸ್ಕ್ರೂ ತಿರುಗಿಸುವಾಗ ನಾನು ಕಿವಿಗೆ ಗುರುತಾಗಿ ಇಟ್ಟುಕೊಳ್ಳುವ ಶಬ್ದ ಒಂದಿದೆ, ಅದೂ ನನ್ನ ಹತ್ತಿರವೇ ಇರಲಿ.

ಎಲ್ಲಕ್ಕಿಂತ ಸಾರ್ಥಕವಾದ ಖರ್ಚು ಪೇಡೆಯದು. ಯಾರ ಆಲ್ಬಂ ನನ್ನಲ್ಲಿ ಉಳಿಯಿತೋ ಅವರಿಗೆ ಅರ್ಧ ಕಿಲೋ ಧಾರವಾಡ ಪೇಡೆ, ಜೊತೆಗೆ ಕೈಬರಹದ ಒಂದು ಪುಟ: ಯಾವ ನಿಮಿಷದಲ್ಲಿ ಏನು ಕೇಳಿತು, ಅವರ ನೆನಪು ಎಲ್ಲಿ ಬಂತು. 19 ಪೆಟ್ಟಿಗೆ ಹೋಯಿತು. ಉಳಿಯದಿದ್ದರೂ ಕಾಗದ ತಪ್ಪಿಸಲಿಲ್ಲ. ಅದನ್ನು ಓದಿದವರು ತಮ್ಮ ಗೆಳೆಯರನ್ನು ನನ್ನತ್ತ ಕಳಿಸಿದರು. ನನ್ನ ಪರಿಚಯದಲ್ಲಿ ಇಂಥ ಪ್ರಶ್ನೆ ಕೇಳಬಹುದಾದವರು ಹೆಚ್ಚೆಂದರೆ 30 ಮಂದಿ. 52 ತುಂಬಿದ್ದು ಈ ಕಾಗದಗಳಿಂದ.

ಹತ್ತು ಹನ್ನೊಂದು ಆಲ್ಬಂ ಮೂರನೇ ಸಲಕ್ಕೂ ಒಗ್ಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ಸಂಗೀತ ಕಲಿತವರು ಹೇಳಿದ್ದು. ಅವರು ಕಲಿಯಲು ಯೋಗ್ಯವಾದದ್ದನ್ನು ಕೊಡುತ್ತಾರೆ, ಮೆಡಿಕಲ್ ಶಾಪಿನವನು, ಲಾರಿ ಡ್ರೈವರ್, ಶಾಲೆಯ ಟೀಚರು ತಮ್ಮ ಜೊತೆ ಬದುಕಿದ್ದನ್ನು ಕೊಡುತ್ತಾರೆ ಎಂದು ನನಗನ್ನಿಸಿದೆ. ಆರು ಜನರಿಂದ ಯಮನ್ ರಾಗವೊಂದನ್ನೇ ಕೇಳಿ ತರಿಸಿಕೊಂಡ ಪ್ರಯೋಗವನ್ನೂ ಮಾಡಿದೆ. ನಾಲ್ಕನೆಯದಕ್ಕೆ ಕಿವಿ ದಣಿಯಿತು, ನಿಲ್ಲಿಸಿದೆ. ಹೆಸರು ಮುಚ್ಚಿ ಕೇಳುವ ಪ್ರಯೋಗ ಚೆನ್ನಾಗಿತ್ತು: ಮಡಿಕೇರಿಯ ಗೆಳೆಯ ಬರೀ ಒಂದು ಆಡಿಯೊ ಫೈಲ್ ಕಳಿಸಿದ, 14 ನಿಮಿಷದ್ದು. ಗಂಡು ದನಿಗಳು, ಚಿಕ್ಕ ಡಮರುವಿನ ಸದ್ದು, ಸಾಲು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಮೂರನೇ ಸಲ ಮುಗಿದ ಮೇಲೆ ಹೇಳಿದ: ಅವರ ಮನೆಯ ಮದುವೆಯಲ್ಲಿ ಫೋನಿನಲ್ಲಿ ಹಿಡಿದ ದುಡಿಕೊಟ್ಟ್ ಪಾಟ್, ಕೊಡವರು ದುಡಿ ಬಾರಿಸುತ್ತ ಹಾಡುವ ಹಾಡು. ಅದು ಯಾವ ಆ್ಯಪಿನಲ್ಲೂ ಇಲ್ಲ. ನನ್ನ ವರ್ಷದ ಮೊದಲ ಐದರಲ್ಲಿ ಅದಿದೆ.

ಗದಗದ ಗೆಳೆಯ ಬಂದದ್ದು 31ನೇ ವಾರ. ನಾನೇ ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ, ಮೂಲ ಕ್ಯಾಸೆಟ್ ಕೊಡುತ್ತೀಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗಿಂದ ತಂದುಕೊಟ್ಟ. ಡೆಕ್ ಕೊಂಡದ್ದು ಅದಕ್ಕಾಗಿಯೇ. ಹೆಡ್ ಸರಿಯಾಗಿ ಕೂತ ಮೇಲೆ ಆ ಸರಸರ ಹಿಂದೆ ಸರಿಯಿತು. ರಾಜಗುರು ಅವರ ದನಿ ಎದ್ದು ಬಂತು. ಹಿಂದೆ ಕುಕ್ಕರಿನ ಸೀಟಿ, ಬಾಗಿಲು, ಕೆಮ್ಮು, ಕೆಮ್ಮಿದ ಮೇಲೆ ಮೆಲ್ಲಗೆ ಒಂದು "ಆಹಾ". ಫೋನಿನ ತುಣುಕಿನಲ್ಲಿ ಆ "ಆಹಾ" ಕೇಳುತ್ತಲೇ ಇರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಡಿಜಿಟಲ್ ಮಾಡಿ ಕಳಿಸಿದೆ. ಎರಡು ದಿನದ ನಂತರ ಅವನ ತಾಯಿ ಫೋನ್ ಮಾಡಿ, "ಇನ್ನೊಮ್ಮಿ ಹಚ್ಚಿಸಿಕೊಂಡು ಕೇಳಿದ್ನಿಪಾ" ಎಂದರು.

ಬಿ ಬದಿ ಇನ್ನೂ ಕೇಳಿಲ್ಲ. ತಿರುವಿ ಹಾಕಿದ ಕೂಡಲೇ ಟೇಪು ತುದಿಯಲ್ಲಿ ಕಿತ್ತುಕೊಂಡಿತು. ಸೆಲ್ಲೋಟೇಪ್ ಹಚ್ಚಲು ಧೈರ್ಯವಿಲ್ಲ, ಅದರ ಅಂಟು ಹೆಡ್ಡಿಗೆ ಇಳಿಯುತ್ತದೆ. ಕಿತ್ತ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪಿಗೆ ಹೇಳಿದ್ದೇನೆ, ಗುರುವಾರ ಬರುತ್ತದೆ ಅಂದಿದ್ದಾರೆ. ಅವತ್ತು ಅವನೂ ಅವನ ತಾಯಿಯೂ ಧಾರವಾಡಕ್ಕೆ ಬರುತ್ತಾರೆ. ಹೊಸ ವರ್ಷದ ಸುತ್ತು ಆ ಬದಿಯಿಂದ ಶುರು.