ಕರೆಂಟ್ ಹೋಗುವ ಊರಿಗೆ ಲ್ಯಾಪ್‌ಟಾಪ್ ಆರಿಸಿದ್ದು ಹೀಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಮ್ಮ ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11ಕ್ಕೆ ಹೊಂದುವಂಥದ್ದಲ್ಲ. ತೋಟದ ಲೆಕ್ಕ, ಹೋಂಸ್ಟೇ ಬುಕಿಂಗ್, ಮಗಳ ಓದು ಎಲ್ಲಕ್ಕೂ ಆಗುವ ಹೊಸದೊಂದು ಬೇಕೇಬೇಕಾಯಿತು. ಐವತ್ತು ಸಾವಿರದ ಆಸುಪಾಸಿನ ಲೆನೊವೊ, ಎಚ್‌ಪಿ, ಏಸೂಸ್ ಮಾದರಿಗಳನ್ನು ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದುಕೊಂಡೆ.

ಮೊದಲ ನೋಟಕ್ಕೆ ಎಲ್ಲವೂ ಒಂದೇ ಥರ. ಪ್ರೊಸೆಸರಿನ ಪೂರ್ತಿ ನಂಬರ್ ಓದಿದಾಗಲೇ ವ್ಯತ್ಯಾಸ ತಿಳಿಯುವುದು. ಎಎಂಡಿ ಕಂಪನಿಯ ಪ್ರೊಸೆಸರ್‌ಗಳಲ್ಲಿ ರೈಜೆನ್ 5 ಅಂತಲೇ ಮಾರುವ 7520ಯುಗೆ ನಾಲ್ಕು ಕೋರ್ (ಅಂದರೆ ಒಟ್ಟಿಗೆ ಕೆಲಸ ಮಾಡುವ ಘಟಕ), 7530ಯುಗೆ ಆರು. ಎರಡೂ 2023ರ ಸಾಲಿನವು, ಮೊದಲ ಅಂಕಿ 7 ಹೇಳುವುದು ಅದನ್ನೇ. ಒಳಗಿನ ವಿನ್ಯಾಸ ಯಾವುದು ಎಂದು ಹೇಳುವುದು ಮೂರನೇ ಅಂಕಿ: 2 ಇದ್ದರೆ ಹಳೆಯ ಝೆನ್ 2, 3 ಇದ್ದರೆ ಅದಕ್ಕಿಂತ ಹೊಸ ಝೆನ್ 3. 7520ಯು ಇರುವ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಹಾಗಾಗಿ ಬೆಲೆಯ ಪಕ್ಕ ಇನ್ನೊಂದು ಕಾಲಂ ಎಳೆದು '16 ಜಿಬಿಯದ್ದಾದರೆ ಒಟ್ಟು ಎಷ್ಟು' ಎಂದು ಬರೆದೆ. ಅಗ್ಗವಾಗಿ ಕಂಡಿದ್ದ ಕೆಲವು ಅಲ್ಲಿಯೇ ಬಿದ್ದುಹೋದವು.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಬ್ಯಾಟರಿಗೆ. ಜುಲೈ ಮಳೆಗೆ ತೋಟದ ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. 'ಹತ್ತು ಗಂಟೆ ಬರುತ್ತದೆ' ಎಂಬ ಜಾಹೀರಾತಿನ ಮಾತು ಬಿಟ್ಟು, ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆಯಾದ ವ್ಯಾಟ್-ಅವರ್ ಎಷ್ಟೆಂದು ನೋಡಿದೆ. ಎಕ್ಸೆಲ್, ಬ್ರೌಸರ್ ಇಷ್ಟೇ ತೆರೆದಿದ್ದರೆ ಇಂಥ ಲ್ಯಾಪ್‌ಟಾಪ್ ಸುಮಾರು 8ರಿಂದ 10 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 41 ವ್ಯಾಟ್-ಅವರ್ ಬ್ಯಾಟರಿ ನಾಲ್ಕೈದು ಗಂಟೆ, 60ರದ್ದು ಆರೇಳು ಗಂಟೆ. ಜೊತೆಗೆ ಟೈಪ್-ಸಿ ಪೋರ್ಟಿನಿಂದ ಚಾರ್ಜ್ ಆಗುತ್ತದೆಯೇ ಎಂದೂ ಕೇಳಬೇಕು. ಕೆಲವದರಲ್ಲಿ ಆ ಪೋರ್ಟ್ ಇದ್ದರೂ ಡೇಟಾಗೆ ಮಾತ್ರ. ಆ ಪೋರ್ಟಿನಿಂದಲೇ ಚಾರ್ಜ್ ಮಾಡುವ ಪವರ್ ಡೆಲಿವರಿ ಸೌಲಭ್ಯ ಇದ್ದರೆ 65 ವ್ಯಾಟಿನ ಕಾರ್ ಚಾರ್ಜರ್ ಹಾಕಿ ಜೀಪಿನಲ್ಲೇ ಚಾರ್ಜ್ ಮಾಡಿಕೊಳ್ಳಬಹುದು. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಪರದೆ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಚೆನ್ನಾಗಿ ಕಾಣುವ ಬಗೆ) ಆಗಿದ್ದರೆ ಸಾಕು ಅಂದುಕೊಂಡೆ. ಬೆರಳ ಗುರುತಿನ ಲಾಕ್, ಹೊಳೆಯುವ ಕೀಬೋರ್ಡ್ ಇವಕ್ಕೆ ದುಡ್ಡು ಕೊಡಲಿಲ್ಲ.

ಕೊನೆಯದು ಸರ್ವಿಸ್. ಮಡಿಕೇರಿಯಿಂದಲೇ ಮೈಸೂರು ಸುಮಾರು 120 ಕಿಲೋಮೀಟರ್, ನಾವಿರುವುದು ಇನ್ನೂ ಒಳಗೆ. ಪೆಟ್ಟಿಗೆಯ ಮೇಲೆ ಆನ್‌ಸೈಟ್ ವಾರಂಟಿ ಎಂದಿದ್ದರೂ, ಕೊಳ್ಳುವ ಮೊದಲೇ ಕಸ್ಟಮರ್ ಕೇರಿಗೆ ಫೋನ್ ಮಾಡಿ ನಮ್ಮ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಮನೆಗೇ ಬರ್ತೀರಾ?" ಎಂದು ಕೇಳಿದೆ. ಎಲ್ಲರೂ ಹೌದು ಅನ್ನಲಿಲ್ಲ. ಹೌದೆಂದವರ 7530ಯು, 16 ಜಿಬಿ, ಟೈಪ್-ಸಿ ಚಾರ್ಜಿಂಗ್ ಇರುವ ಮಾದರಿಯನ್ನೇ ಆರಿಸಿದೆ. ಕುಶಾಲನಗರದ ಅಂಗಡಿಯಲ್ಲಿ ಆನ್‌ಲೈನ್ ಬೆಲೆ ತೋರಿಸಿದೆ. ಸ್ವಲ್ಪ ಹೆಚ್ಚು ಹೇಳಿದರು, ಆದರೂ ಅಲ್ಲೇ ಕೊಂಡೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅವರೆದುರೇ ಆನ್ ಮಾಡಿಸಿ, ವಾರಂಟಿಯ ದಿನಾಂಕ ನೋಡಿಕೊಂಡು ತಂದೆ.