ಕಡಲು ತುಂಬಿಸಿ ಪಡೆದ ಮೆತ್ತನೆಯ ನೆಲವನ್ನು ಕಟ್ಟಡಕ್ಕೆ ಅಣಿಗೊಳಿಸುವ ಬಗೆ

ಕಡಲು ತುಂಬಿಸಿ ಪಡೆದ ಜಾಗದಲ್ಲಿ ಮೊದಲು ಬೋರ್ ಕೊರೆದು, ಭರ್ತಿಮಣ್ಣಿನ ಕೆಳಗಿರುವ ಜೇಡಿಮಣ್ಣಿನ ದಪ್ಪವನ್ನೂ ಅದರ ನೀರಿನ ಅಂಶವನ್ನೂ ತಿಳಿದುಕೊಳ್ಳಬೇಕು. ಜೇಡಿಮಣ್ಣು ಕುಗ್ಗುವುದು ಅದರೊಳಗಿನ ನೀರು ಹೊರಬಂದಾಗ. ಆ ನೀರು ಸಾಗಬೇಕಾದ ದೂರ ಅರ್ಧಕ್ಕಿಳಿದರೆ ತಗಲುವ ಸಮಯ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಮೇಲೆ ಮರಳಿನ ಹಾಸು ಹರಡಿ, ಸಾಮಾನ್ಯವಾಗಿ 1ರಿಂದ 1.5 ಮೀಟರ್ ಅಂತರದಲ್ಲಿ, ನೀರು ಬಸಿಯುವ ಪ್ಲಾಸ್ಟಿಕ್ ಪಟ್ಟಿಗಳನ್ನು ಜೇಡಿಮಣ್ಣಿನ ತಳದವರೆಗೆ ನೆಟ್ಟಗೆ ಇಳಿಸಬೇಕು. ಬಳಿಕ ಮುಂದೆ ಬರಲಿರುವ ಕಟ್ಟಡದ ಭಾರವನ್ನು ಮೀರುವಷ್ಟು ಮಣ್ಣನ್ನು ಹಂತಹಂತವಾಗಿ ಪೇರಿಸಬೇಕು. ಒಮ್ಮೆಲೇ ಪೇರಿಸಿದರೆ ಒಳಗಿನ ನೀರಿನ ಒತ್ತಡವೇರಿ ನೆಲ ಪಕ್ಕಕ್ಕೆ ಜಾರಬಹುದು, ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರುವ ತಪ್ಪು ಇದೇ. ಕುಸಿತ ಅಳೆಯುವ ಫಲಕಗಳ ಮತ್ತು ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್‌ಗಳ ಅಂಕಿಗಳನ್ನು ನೋಡಿಯೇ ಮುಂದಿನ ಹಂತವನ್ನು ನಿರ್ಧರಿಸಬೇಕು, ಗುತ್ತಿಗೆಯ ಗಡುವನ್ನು ನೋಡಿ ಅಲ್ಲ. ಲೆಕ್ಕ ಹಾಕಿದ ಕುಸಿತದ ಶೇ 90ರಷ್ಟಾದರೂ ಮುಗಿದ ಮೇಲೆ ಹೆಚ್ಚುವರಿ ಮಣ್ಣು ತೆಗೆಯುವುದು ರೂಢಿ.

ಪಟ್ಟಿಗಳು ತಲುಪದ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1994ರಲ್ಲಿ ತೆರೆದ ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣದ ದ್ವೀಪದಲ್ಲಿ ಮೇಲಿನ ಜೇಡಿಮಣ್ಣಿಗೆ, ಪಟ್ಟಿಗಳಂತೆಯೇ ನೀರು ಬಸಿಯುವ ಮರಳಿನ ಕಂಬಗಳನ್ನು ಇಳಿಸಿದ್ದರಿಂದ ಆ ಪದರವು ಬೇಗ ಗಟ್ಟಿಯಾಯಿತು. ಆದರೆ ಅದರ ಕೆಳಗಿನ ಆಳದ ಪದರಗಳು ಕುಗ್ಗುತ್ತಲೇ ಇರುವುದರಿಂದ ಟರ್ಮಿನಲ್‌ನ ಕಂಬಗಳನ್ನು ಜಾಕ್‌ಗಳಿಂದ ಎತ್ತಿ ಮಟ್ಟ ಮಾಡಬೇಕಾಗಿದೆ.